ಗುಂಪಾಗಿ ಬಿಲ್ಡರ್ ಮೇಲೆ ಕೇಸ್ ಹಾಕೋ ಮುಂಚೆ ಆ ಕಡೆ ವಕೀಲರು ಏನ್ ವಾದ ಮಾಡ್ತಾರೆ ತಿಳ್ಕೊಳ್ಳಿ

ಫ್ಲ್ಯಾಟ್ ಲೇಟಾಯ್ತು ಅಂತ ವಾಟ್ಸಾಪ್ ಗ್ರೂಪಲ್ಲಿ ಐವತ್ತು ಜನ ಸೇರಿದ್ ಕೂಡ್ಲೇ ಪ್ರಾಜೆಕ್ಟಲ್ಲಿರೋ ಎಲ್ಲಾರ ಪರವಾಗಿ ಕ್ಲಾಸ್ ಆಕ್ಷನ್ ಹಾಕ್ಬಿಡೋಣ ಅಂತ ಶುರುವಾಗುತ್ತೆ. ದಯವಿಟ್ಟು ಒಂದ್ ನಿಮಿಷ ತಡೀರಿ, ಬಿಲ್ಡರ್ ವಕೀಲರು ಮೊದ್ಲು ಹಿಡಿಯೋದೇ ಇದನ್ನ.

ಇವರೆಲ್ಲರ ಹಿತಾಸಕ್ತಿ ಒಂದೇ ಅಲ್ಲ ಅಂತಾರೆ. 2021ರ ಡಿಸೆಂಬರಲ್ಲಿ ಬ್ರಿಗೇಡ್ ಎಂಟರ್‌ಪ್ರೈಸಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಈ ವಾದ ಒಪ್ತು. ಬೆಂಗಳೂರಿನ ಪ್ರಾಜೆಕ್ಟು, ಒಟ್ಟು 1,134 ಫ್ಲ್ಯಾಟ್, ಅದರಲ್ಲಿ 51 ಫ್ಲ್ಯಾಟ್ ತಗೊಂಡಿದ್ದ 91 ಜನ ಎಲ್ಲಾ ಮಾಲೀಕರ ಪರವಾಗಿ ದೂರು ಕೊಟ್ಟಿದ್ರು, ಆದ್ರೆ ಎಲ್ಲರ ಹಿತ ಹೇಗೆ ಒಂದೇ ಅಂತ ದೂರಲ್ಲಿ ಸರಿಯಾಗಿ ಬರೆದಿರ್ಲಿಲ್ಲ, ತಡ ಆದ ಅವಧಿನೂ ಎಲ್ಲರಿಗೂ ಒಂದೇ ಇರ್ಲಿಲ್ಲ. ಹಂಗಂತ ಕೇಸ್ ಬಿದ್ದೋಗ್ಲಿಲ್ಲ, 91 ಜನರ ಜಂಟಿ ದೂರಾಗಿ ನಡೀಲಿ ಅಂತು ಕೋರ್ಟು.

ಅಂದ್ರೆ ಎರಡು ದಾರಿ ಇದೆ. ಗ್ರಾಹಕ ರಕ್ಷಣಾ ಕಾಯ್ದೆ 2019ರ ಸೆಕ್ಷನ್ 35(1)(ಸಿ) ಅಡಿ ಎಲ್ಲರ ಪರವಾಗಿ ಹೋದ್ರೆ ಗ್ರಾಹಕ ಆಯೋಗದ ಪರ್ಮಿಷನ್ ಬೇಕು, ಸಹಿ ಹಾಕದೇ ಇರೋರಿಗೂ ನೋಟಿಸ್ ಹೋಗ್ಬೇಕು, ತೀರ್ಪು ಅವರಿಗೂ ಅನ್ವಯ ಆಗುತ್ತೆ. ಬರೀ ನಿಮ್ಮ ಗುಂಪಿಗೆ ಅಷ್ಟೇ ಅಂದ್ರೆ ಜಂಟಿ ದೂರು ಸಾಕು, ನನ್ನ ಕೇಳಿದ್ರೆ ಬಹಳಷ್ಟು ಜನಕ್ಕೆ ಇದೇ ಸರಿ. ಯಾವ ದಾರಿ ಆದ್ರೂ ಬ್ಲಾಕ್, ಅಗ್ರಿಮೆಂಟ್ ತಾರೀಖು, ಪೊಸೆಷನ್ ಕೊಡ್ತೀವಂದ ತಾರೀಖು, ನಿಜವಾಗಿ ಕೊಟ್ಟ ತಾರೀಖು, ಕಟ್ಟಿದ ದುಡ್ಡು ಇಷ್ಟನ್ನೂ ಒಂದು ಪಟ್ಟಿ ಮಾಡಿ ದೂರಿನ ಜೊತೆಗೇ ಇಡಿ.

ಆಮೇಲೆ ಬರೋ ವಾದಗಳು ಗೊತ್ತಿರೋವೇ. ಅಗ್ರಿಮೆಂಟಲ್ಲಿ ಆರ್ಬಿಟ್ರೇಷನ್ ಷರತ್ತು (ಜಗಳ ಮಧ್ಯಸ್ಥಗಾರರ ಹತ್ರಾನೇ ತೀರ್ಬೇಕು ಅನ್ನೋದು) ಇದೆ ಅಂತಾರೆ, ಅದಿದ್ರೂ ಗ್ರಾಹಕ ಆಯೋಗಕ್ಕೆ ಹೋಗ್ಬೋದು ಅಂತ ಸುಪ್ರೀಂ ಕೋರ್ಟಿನ 2018ರ ಎಮ್ಮಾರ್ ಎಂಜಿಎಫ್ ತೀರ್ಪಲ್ಲೇ ಇದೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಇದೆಯಲ್ಲ ಅಲ್ಲಿಗೆ ಹೋಗಿ ಅಂದ್ರೆ, ರೇರಾ ಇದ್ರೂ ಗ್ರಾಹಕ ಆಯೋಗಕ್ಕೆ ಹೋಗ್ಬೋದು ಅನ್ನೋ 2020ರ ಇಂಪೀರಿಯಾ ತೀರ್ಪು ತೋರ್ಸಿ. ಕೀ ಇಸ್ಕೊಂಡ್ರಲ್ಲ ಇನ್ನೇನು ಪರಿಹಾರ ಅಂತಾನೂ ಕೇಳ್ತಾರೆ, ಇದಕ್ಕೆ ನಮ್ಮ ಬೇಗೂರಿನ ಡಿಎಲ್‌ಎಫ್ ಕೇಸೇ ಉತ್ತರ: 339 ಖರೀದಿದಾರರು, 2020ರಲ್ಲಿ ಸುಪ್ರೀಂ ಕೋರ್ಟ್ ಪೊಸೆಷನ್ ತಗೊಂಡ ಮಾತ್ರಕ್ಕೆ ಪರಿಹಾರದ ಹಕ್ಕು ಹೋಗಲ್ಲ ಅಂತ ಹೇಳಿ ತಡಕ್ಕೆ ಪರಿಹಾರವಾಗಿ ಕಟ್ಟಿದ ದುಡ್ಡಿನ ಮೇಲೆ ವರ್ಷಕ್ಕೆ 6% ಬಡ್ಡಿ ಕೊಡಿ ಅಂತು.

ಎರಡು ವರ್ಷದ ಲಿಮಿಟೇಷನ್, ಅಂದ್ರೆ ದೂರು ಕೊಡೋಕಿರೋ ಗಡುವು ಮಾತ್ರ ಹಗುರವಾಗಿ ತಗೋಬೇಡಿ. ಹಾಗೇ ದೂರಿಗೆ ಉತ್ತರ ಕೊಡೋಕೆ ಬಿಲ್ಡರಿಗೂ ಗಡುವಿದೆ, ನೋಟಿಸ್ ಮತ್ತೆ ದೂರಿನ ಪ್ರತಿ ಕೈಗೆ ಸಿಕ್ಕ ದಿನದಿಂದ 30 ದಿನ, ಆಯೋಗ ಒಪ್ಪಿದ್ರೆ ಇನ್ನೊಂದು 15, ಅದರ ಮೇಲೆ ಒಂದು ದಿನಾನೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ, ಅದಕ್ಕೇ ನೋಟಿಸ್ ತಲುಪಿದ ತಾರೀಖಿನ ಪೋಸ್ಟಲ್ ಟ್ರ್ಯಾಕಿಂಗ್ ಪ್ರಿಂಟ್ ತೆಗೆದು ಫೈಲಲ್ಲಿ ಇಟ್ಕೊಳ್ಳಿ.