ರಷ್ಯಾದ ಸರ್ಕಾರಿ ಸುದ್ದಿಯನ್ನು ನಾನು ಓದುವ ಬಗೆ

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ ಮೇಲೆ, ಉಕ್ರೇನ್ ಮೇಲಿನ ಯುದ್ಧವನ್ನು ರಷ್ಯಾದ ಸರ್ಕಾರಿ ಮಾಧ್ಯಮಗಳು ತಮ್ಮ ಜನರಿಗೆ ಹೇಗೆ ವಿವರಿಸುತ್ತಿವೆ ಎಂಬುದನ್ನು ಸ್ವತಃ ಓದಿ ತಿಳಿಯಲು ನಿರ್ಧರಿಸಿದೆ. ಟಾಸ್, ರಿಯಾ ನೋವೊಸ್ತಿ ಮತ್ತು ಆರ್‌ಟಿಗಳ ರಷ್ಯನ್ ವರದಿಗಳನ್ನು ಯಂತ್ರಾನುವಾದದ ನೆರವಿನಿಂದ ಓದಿ, ಸಂದೇಹ ಬಂದಲ್ಲಿ ಆ ಭಾಷೆ ಬಲ್ಲ ಸ್ನೇಹಿತರನ್ನು ಕೇಳುತ್ತಿದ್ದೆ.

ಪ್ರತಿ ವರದಿಯಲ್ಲೂ ಮೂರು ಸಂಗತಿಗಳನ್ನು ಗುರುತು ಹಾಕಿಕೊಂಡೆ: ರಷ್ಯಾದ ನೆರೆದೇಶದ ತೀರ್ಮಾನಗಳ ಹಿಂದೆ ಯಾರ ಕೈವಾಡವಿದೆ ಎನ್ನಲಾಗಿದೆ, ಆ ದೇಶದ ಬಗ್ಗೆ ಮಾತನಾಡುವವರು ಯಾರು, ಇತಿಹಾಸ ಯಾವ ವರ್ಷದಿಂದ ಆರಂಭವಾಗುತ್ತದೆ. ಮೊದಲೆರಡರ ಉತ್ತರ ಬಹುತೇಕ ಒಂದೇ ಬಗೆಯದು. ತೀರ್ಮಾನ ವಾಷಿಂಗ್ಟನ್ನಿನದು, ಮಾತು ಮಾಸ್ಕೋದ ಪರಿಣತರದು. ಹೆಚ್ಚು ಕಲಿಸಿದ್ದು ಮೂರನೆಯದು. 2007ರಲ್ಲಿ ಎಸ್ಟೋನಿಯಾದ ರಾಜಧಾನಿ ಟಾಲಿನ್ ನಗರದ ಮಧ್ಯದಲ್ಲಿದ್ದ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯನ್ನು ಸೈನಿಕ ಸ್ಮಶಾನಕ್ಕೆ ಸ್ಥಳಾಂತರಿಸಿದ ಪ್ರಕರಣದ ಬಗ್ಗೆ ನಾನು ಓದಿದ ವರದಿಗಳಲ್ಲಿ ಎಸ್ಟೋನಿಯಾದ ಕಥೆ 1944ರಲ್ಲಿ, ನಾಜಿಗಳ ಹಿಡಿತದಿಂದ ಸಿಕ್ಕ ವಿಮೋಚನೆಯಿಂದ ಶುರುವಾಗುತ್ತದೆ. 1940ರಲ್ಲಿ ಸೋವಿಯತ್ ಒಕ್ಕೂಟ ಆ ದೇಶವನ್ನು ನುಂಗಿದ್ದು, 1941ರಲ್ಲೂ 1949ರಲ್ಲೂ ಸಾವಿರಾರು ಜನರನ್ನು ಗಡಿಪಾರು ಮಾಡಿದ್ದು ಅಲ್ಲಿಲ್ಲ. ಅಷ್ಟನ್ನು ಅಳಿಸಿದರೆ ಎಸ್ಟೋನಿಯನ್ನರ ನೋವು ಬರೀ ಕೃತಘ್ನತೆಯಾಗಿ ಕಾಣುತ್ತದೆ. ಇದು ನನ್ನ ಮಟ್ಟಿಗೆ ಸುಳ್ಳಿಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಅಲ್ಲಿ ಹೇಳಿದ ಒಂದೊಂದು ವಾಕ್ಯವೂ ನಿಜವಾಗಿರಬಹುದು.

ಅಂಕಿಅಂಶಗಳನ್ನು ಯಾವಾಗಲೂ ದಿನಾಂಕದೊಂದಿಗೆ ಬರೆದಿಡುತ್ತೇನೆ. 2008ರ ಆಗಸ್ಟ್‌ನಲ್ಲಿ ಜಾರ್ಜಿಯಾದ ಸೇನೆ, ಆ ದೇಶದಿಂದ ಬೇರ್ಪಟ್ಟು ರಷ್ಯಾದ ಬೆಂಬಲ ಪಡೆದಿದ್ದ ದಕ್ಷಿಣ ಒಸೆಟಿಯಾದ ತ್ಸ್ಖಿನ್ವಾಲಿ ಪ್ರದೇಶದಲ್ಲಿ ಸುಮಾರು 2,000 ಜನರನ್ನು ಕೊಂದಿದೆ, ಇದು ನರಮೇಧ ಎಂಬ ಸುದ್ದಿ ಹರಡಿತು. ಮುಂದೆ ರಷ್ಯಾದ್ದೇ ತನಿಖಾಧಿಕಾರಿಗಳು ಕೊಟ್ಟ ನಾಗರಿಕರ ಸಾವಿನ ಲೆಕ್ಕ 162. ಅಷ್ಟರಲ್ಲಿ ಯುದ್ಧ ಮುಗಿದು ಹೋಗಿತ್ತು.

ಮೂಲ ಬರಹದ ಪ್ರತಿಯನ್ನು ಕೂಡಲೇ ಉಳಿಸಿಕೊಳ್ಳುವುದೂ ಅಷ್ಟೇ ಮುಖ್ಯ. 2022ರ ಫೆಬ್ರುವರಿ 26ರ ಬೆಳಿಗ್ಗೆ ರಿಯಾ ನೋವೊಸ್ತಿ, ರಷ್ಯಾ ಯುದ್ಧ ಗೆದ್ದೇಬಿಟ್ಟಿತೆಂಬಂತೆ, ಉಕ್ರೇನ್ ರಷ್ಯಾಕ್ಕೆ ಮರಳಿದೆ, 1991ರ ದುರಂತ (ಸೋವಿಯತ್ ಒಕ್ಕೂಟ ಒಡೆದದ್ದು) ನೀಗಿದೆ ಎಂದು ಸಾರುವ ಲೇಖನವನ್ನು ಪ್ರಕಟಿಸಿ, ಬೇಗನೇ ತೆಗೆದುಹಾಕಿತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಅದು ಉಳಿದದ್ದರಿಂದಲೇ ಓದಲು ಸಾಧ್ಯವಾಯಿತು. ಹೊರಗಿನವರಿಗಾಗಿ ಬರೆದ ಇಂಗ್ಲಿಷ್ ವರದಿಗಳಲ್ಲಿ ಪಾಶ್ಚಾತ್ಯ ದೇಶಗಳ ಸೇನಾ ಒಕ್ಕೂಟವಾದ ನೇಟೊದ ವಿಸ್ತರಣೆಯ ಭಯವೇ ಮುಂದಿದ್ದರೆ, ಸ್ವಂತ ಜನರಿಗಾಗಿ ಬರೆದ ಈ ಲೇಖನದಲ್ಲಿ ಕಳೆದುಹೋದ ನೆಲವನ್ನು ಮರಳಿ ಪಡೆದ ಸಂತೋಷವಿದೆ. ಆದ್ದರಿಂದ ಎರಡೂ ಭಾಷೆಗಳ ವರದಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದದೆ ನಾನು ಯಾವ ಟಿಪ್ಪಣಿಯನ್ನೂ ಬರೆಯುವುದಿಲ್ಲ.