ಕಾಲಿಗೆ ನುಗ್ಗಿದ್ರಿ, ಅವ್ನು ಸ್ಪ್ರಾಲ್ ಮಾಡ್ದ, ಈಗೇನ್ ಮಾಡೋದು?

ಕುಸ್ತೀಲಿ ಸಿಂಗಲ್ ಲೆಗ್‌ಗೆ, ಅಂದ್ರೆ ಎದುರಾಳಿಯ ಒಂದು ಕಾಲು ಹಿಡಿದು ಕೆಡವೋ ಪಟ್ಟಿಗೆ ನುಗ್ಗಿದೀರ, ಕಾಲು ಕೈಗೆ ಸಿಕ್ಕಿದೆ, ಅಷ್ಟ್ರಲ್ಲಿ ಎದುರಾಳಿ ಎರಡೂ ಕಾಲು ಹಿಂದಕ್ಕೆ ಎಸೆದು ಸೊಂಟದ ಭಾರ ಎಲ್ಲಾ ನಿಮ್ಮ ಹೆಗಲ ಮೇಲೆ ಹಾಕ್ದ, ಇದೇ ಸ್ಪ್ರಾಲ್. ಹೊಸಬ್ರು ಇಲ್ಲೇ ಕೈ ಚಾಚ್ಕೊಂಡು ಬೋರಲು ಮಲ್ಗಿ ಕಾಲು ಎಳೀತಾನೇ ಇರ್ತಾರೆ. ಗರಡಿಯಿಂದ ಮ್ಯಾಟ್‌ಗೆ ಬಂದ ಹುಡುಗ್ರಿಗೆ ಈ ಚಾಳಿ ಇನ್ನೂ ಜಾಸ್ತಿ, ಯಾಕಂದ್ರೆ ಮಟ್ಟೀಲಿ, ಅಂದ್ರೆ ಮಣ್ಣಿನ ಅಖಾಡದಲ್ಲಿ, ಚಿತ್ ಆಗಿ ಬೆನ್ನು ನೆಲಕ್ಕೆ ತಾಗೋವರ್ಗೂ ಸೋಲಿಲ್ಲ, ಬೋರಲು ಬಿದ್ರೆ ಉಸಿರು ತಗೋಬೋದು ಅನ್ನೋ ಲೆಕ್ಕ. ಮ್ಯಾಟ್ ಮೇಲಿನ ಫ್ರೀಸ್ಟೈಲ್ ಕುಸ್ತೀಲಿ ಹಂಗಲ್ಲ ಗುರು, ಅವ್ನು ಸುತ್ತಿ ಬೆನ್ನ ಹಿಂದೆ ಬಂದ್ರೆ 2 ಪಾಯಿಂಟ್, ಅಲ್ಲಿಂದ ಸೊಂಟ ತಬ್ಬಿ ಉರುಳ್ಸಿದ್ರೆ ಪ್ರತಿ ಉರುಳಿಗೂ ಇನ್ನೆರಡು, 10 ಪಾಯಿಂಟ್ ಅಂತರ ಆಯ್ತು ಅಂದ್ರೆ ಬೌಟೇ ಮುಗೀತು.

ಅದಕ್ಕೆ ಮೊದ್ಲ ಕೆಲಸ ಕಾಲು ಎಳೆಯೋದಲ್ಲ, ನಿಮ್ಮ ಮಂಡಿನ ನಿಮ್ಮ ಹೊಟ್ಟೆ ಕೆಳಗೆ ತರೋದು. ಮಂಡಿ ಹಿಂದೆ ಉಳಿದ್ರೆ ಬರೀ ತೋಳಿನ ಬಲ, ಅದು ಎಷ್ಟೊತ್ತು ಬರುತ್ತೆ? ಮೊಣಕೈ ಪಕ್ಕೆಗೆ ಅಂಟಿಸಿ, ತಲೆ ಎತ್ತಿ ಕಿವಿನ ಅವ್ನ ಪಕ್ಕೆಲುಬಿಗೆ ಒತ್ತಿ.

ಕಾಲು ಇನ್ನೂ ಕೈಯಲ್ಲಿದ್ಯಾ? ಒಂದು ಕೈ ಅವ್ನ ಮಂಡಿ ಹಿಂದೇನೇ ಇರ್ಲಿ, ಇನ್ನೊಂದು ಕೈ ಅವ್ನ ಹಿಮ್ಮಡಿಗೆ ಹೋಗ್ಲಿ. ಈಗ ನೇರಕ್ಕೆ ತಳ್ಬೇಡಿ, ನೇರ ತಳ್ಳಿದಷ್ಟೂ ಅವ್ನ ಸೊಂಟ ನಿಮ್ಮ ಮೇಲೇನೇ ಕೂರುತ್ತೆ. ಹಿಡಿದ ಕಾಲಿನ ಹೊರಗಡೆಗೆ, ಅವ್ನ ಬೆನ್ನಿನ ಕಡೆಗೆ ಮಂಡಿಯಲ್ಲೇ ನಡೀರಿ, ನಾಲ್ಕೈದು ಸಣ್ ಸಣ್ ಹೆಜ್ಜೆ ಸಾಕು, ಕೋನ ಬದಲಾಯ್ತು ಅಂದ್ರೆ ಭಾರ ತಾನಾಗೇ ಜಾರುತ್ತೆ. ಆಗ ಹೊರಗಿನ ಪಾದ ಊರಿ ಎದ್ದು ನಿಂತು ಆ ಕಾಲನ್ನ ನಿಮ್ಮ ತೊಡೆಗಳ ಮಧ್ಯೆ ಬಿಗಿಯಾಗಿ ಹಿಡ್ಕೊಂಡು, ಹೆಗಲಿಂದ ಅವ್ನ ತೊಡೆ ಒತ್ತುತ್ತಾ ಹಿಂದಕ್ಕೆ ಅರ್ಧಚಂದ್ರದ ಥರ ಹೆಜ್ಜೆ ಹಾಕಿ ಕೆಳಗೆ ಕೂರಿಸಿ. ಇದನ್ನೇ ರನ್ನಿಂಗ್ ದಿ ಪೈಪ್ ಅಂತಾರೆ, ನಂಗಂತೂ ಎತ್ತಿ ಎಸೆಯೋದಕ್ಕಿಂತ ಇದೇ ಇಷ್ಟ, ಬೆನ್ನು ಉಳಿಯುತ್ತೆ.

ಕಾಲು ಜಾರಿಹೋಗಿ ಅವ್ನು ಮುಂದಿಂದ ತಲೆ ಲಾಕ್ ಮಾಡಿದ್ರೆ ಕಾಲಿನ ಆಸೆ ಬಿಟ್ಬಿಡಿ. ಗಲ್ಲ ಎದೆಗೆ ಒತ್ಕೊಳ್ಳಿ, ಗಲ್ಲದ ಕೆಳಗೆ ಬಂದ ಕೈನ ಮಣಿಕಟ್ಟು ಹಿಡ್ದು ಕೆಳಗೆಳೀರಿ, ಇನ್ನೊಂದು ಕೈಯಿಂದ ಅವ್ನ ಇನ್ನೊಂದು ಮೊಣಕೈ ಮೇಲಕ್ಕೆ ತಳ್ಳಿ ಆ ಸಂದಿಯಿಂದ ತಲೆ ಹೊರಗೆ ತಂದ್ರೆ ಅವ್ನ ಬೆನ್ನೇ ನಿಮ್ಗೆ ಸಿಗುತ್ತೆ. ಜಿಯು ಜಿಟ್ಸು ಆಡೋರು ಇಲ್ಲಿ ಜಾಸ್ತಿ ಹುಷಾರು, ಕತ್ತು ಚಾಚಿದ್ರೆ ಗಿಲೆಟಿನ್, ಅಂದ್ರೆ ಮುಂದಿಂದ ಕತ್ತು ಹಿಸುಕೋ ಪಟ್ಟು, ರೆಡಿ, ಬಿಗಿಯಾದ್ರೆ ತಡ ಮಾಡ್ದೆ ಕೈ ತಟ್ಟಿ ಸೋಲೊಪ್ಪಿ ಟ್ಯಾಪ್ ಮಾಡಿ.

ಪ್ರಾಕ್ಟೀಸ್‌ಗೆ ನಿಂತ್ಕೊಂಡು ಶುರು ಮಾಡೋದೇ ಬೇಡ. ಪಾರ್ಟ್ನರ್ ನಿಮ್ಮ ಮೇಲೆ ಸ್ಪ್ರಾಲ್ ಆಗಿರ್ಲಿ, ಒಂದು ಕಾಲು ನಿಮ್ಮ ಕೈಯಲ್ಲಿರ್ಲಿ, ಅವ್ನು ಅರ್ಧ ಭಾರ ಹಾಕ್ಲಿ, ಎರಡೂ ಕಡೆ ಹತ್ತತ್ತು ಸಲ ಎದ್ದು ಬನ್ನಿ. ಆಮೇಲೆ 30 ಸೆಕೆಂಡ್ ಪೂರ್ತಿ ಬಲದಲ್ಲಿ, ಅವ್ನು ಹಿಂದೆ ಬರೋಕೆ ನೋಡ್ಲಿ, ನೀವು ಏಳೋಕೆ ನೋಡಿ. ಇಯರ್ ಗಾರ್ಡ್ ಹಾಕ್ಕೊಳ್ಳಿ ಮಾರಾಯ್ರೆ, ಕಿವಿ ಉಜ್ಜೋದು ಈ ಡ್ರಿಲ್ಲಲ್ಲೇ.