ನಿಮ್ಮೂರಿನ ಗ್ರಂಥಾಲಯಕ್ಕೆ ಐತಿಹಾಸಿಕ ಕಾದಂಬರಿಕಾರರನ್ನು ಕರೆಸುವುದು ಹೇಗೆ

ಕಾದಂಬರಿಕಾರರ ಮಾತನ್ನು ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಲ್ಲಿ ಕೂತು ಕೇಳುವುದೇ ಬೇರೆ, ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಎದುರಾಬದುರು ಕೂತು ಕೇಳುವುದೇ ಬೇರೆ. ಇಲ್ಲಿ ಪುಸ್ತಕ ತೆರೆದು "ಸರ್, ಈ ಪುಟದಲ್ಲಿ ಹೀಗೆ ಬರೆದಿದ್ದೀರಲ್ಲ" ಅಂತ ಬೆರಳಿಟ್ಟು ಕೇಳಬಹುದು. ಐತಿಹಾಸಿಕ ಕಾದಂಬರಿಗೆ ಇದು ಬೇಕೇ ಬೇಕು, ಯಾಕಂದ್ರೆ ಓದುವಾಗ ಪ್ರತಿ ಹತ್ತು ಪುಟಕ್ಕೊಮ್ಮೆ ಒಂದು ಪ್ರಶ್ನೆ ಏಳುತ್ತದೆ. ಜನ ತುಂಬಿ ತುಳುಕಬೇಕಾಗಿಲ್ಲ. ಪುಸ್ತಕ ಓದಿಕೊಂಡು ಬಂದ ಹತ್ತು ಜನ ಇದ್ದರೆ ಕಾರ್ಯಕ್ರಮ ಗೆದ್ದ ಹಾಗೆ.

ಮೊದಲು ಗ್ರಂಥಪಾಲಕರನ್ನು ನೋಡಿ. ಫೋನ್ ಮಾಡಬೇಡಿ, ಹೋಗಿಯೇ ಮಾತಾಡಿ. ಸಂಕೋಚ ಬೇಡ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆ ನಾವು ಶೇ. 6 ಗ್ರಂಥಾಲಯ ಕರ ಕಟ್ಟುತ್ತೇವೆ, ಆ ಜಾಗ ನಮ್ಮದೂ ಹೌದು. ಆದರೆ ಹಕ್ಕು ಅಂತ ಜೋರು ಮಾಡಿದರೆ ಕೆಲಸ ಕೆಡುತ್ತದೆ. ಗ್ರಂಥಪಾಲಕರಿಗೆ ಬೇಕಾಗಿರುವುದು ಒಂದು ಅರ್ಜಿ, ಅದರಲ್ಲಿ ದಿನಾಂಕ, ಸಮಯ, ಎಷ್ಟು ಜನ ಬರಬಹುದು, ಮುಗಿದ ಮೇಲೆ ಕುರ್ಚಿ ಯಾರು ಜೋಡಿಸುತ್ತಾರೆ ಅನ್ನುವುದು. ಮೇಲಿನವರ ಒಪ್ಪಿಗೆ ಬೇಕಾದರೆ ಆ ಅರ್ಜಿಯೇ ಅವರ ಕೈಗೆ ಸಿಗುವ ಕಾಗದ. ಹಳ್ಳಿಯಲ್ಲಾದರೆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಮಾಡಬಹುದು, ಪಿಡಿಒ ಅವರಿಗೂ ಒಂದು ಮಾತು ಹೇಳಿ. ವಾರದ ರಜೆ ಯಾವತ್ತು ಅಂತ ಕೇಳಿಕೊಳ್ಳಿ. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಇರುತ್ತದೆ, ಆ ವಾರ ಕೇಳಿದರೆ ಒಪ್ಪಿಗೆ ಸುಲಭ. ಇನ್ನೊಂದು ಮಾತು. ಸಂಜೆ ದಿನಾ ಪೇಪರ್ ಓದಲು ಬರುವ ಹಿರಿಯರು ಇರುತ್ತಾರಲ್ಲ, ಅವರನ್ನು ಎಬ್ಬಿಸಿ ಜಾಗ ಮಾಡಬೇಡಿ. ಮೂರು ದಿನ ಮೊದಲೇ ಅವರಿಗೆ ಹೇಳಿ ಮುಂದಿನ ಸಾಲಲ್ಲಿ ಕೂರಿಸಿ. ಊರಿನ ಹಳೇ ಸಂಗತಿ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಲೇಖಕರನ್ನು ಹಿಡಿಯುವುದು ಜನ ಅಂದುಕೊಂಡಷ್ಟು ಕಷ್ಟ ಅಲ್ಲ. ಪುಸ್ತಕದ ಮೊದಲ ಪುಟಗಳಲ್ಲಿ ಪ್ರಕಾಶಕರ ವಿಳಾಸ, ಎಷ್ಟೋ ಸಲ ಫೋನ್ ನಂಬರೂ ಇರುತ್ತದೆ, ಅಲ್ಲಿಂದ ಶುರು ಮಾಡಿ. ಮೊದಲ ಮಾತಲ್ಲೇ ಹೋಗಿಬರುವ ಖರ್ಚು, ಉಳಿಯುವ ವ್ಯವಸ್ಥೆ, ಗೌರವಧನ ಎಷ್ಟು ಕೊಡಬಲ್ಲಿರಿ ಅಂತ ಹೇಳಿಬಿಡಿ. ಕಮ್ಮಿಯಾದರೂ ಪರವಾಗಿಲ್ಲ, ಹೇಳದೇ ಇರುವುದು ತಪ್ಪು. ಒಂದು ಕಾದಂಬರಿಗೆ ವರ್ಷಗಟ್ಟಲೆ ಶಾಸನ, ಕೈಫಿಯತ್ತು (ಊರೂರಿನ ಹಳೇ ವೃತ್ತಾಂತ), ಪ್ರವಾಸಿಗರ ಬರಹ ಎಲ್ಲ ಓದಿದವರ ಸಂಜೆಯನ್ನು ಒಂದು ಶಾಲು, ಹಣ್ಣಿನ ಬುಟ್ಟಿಗೆ ಕೇಳುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಮುಖ್ಯವಾದ ಕೆಲಸ. ಕಾರ್ಯಕ್ರಮಕ್ಕೆ ಮೂರು ವಾರ ಇರುವಾಗಲೇ ಆ ಕಾದಂಬರಿಯ ನಾಲ್ಕೈದು ಪ್ರತಿ ಊರಲ್ಲಿ ಓಡಾಡಬೇಕು. ಗ್ರಂಥಾಲಯದಲ್ಲಿ ಇಲ್ಲದಿದ್ದರೆ ಕೈಯಿಂದ ಹಾಕಿ ಕೊಳ್ಳಿ. ಒಬ್ಬರಿಗೆ ಐದು ದಿನ, ಆಮೇಲೆ ಮುಂದಿನವರಿಗೆ. ರಕ್ಷಾಪುಟದ ಒಳಗೆ ಒಂದು ಚೀಟಿ ಅಂಟಿಸಿ, ಓದುವಾಗ ಬಂದ ಪ್ರಶ್ನೆಯನ್ನು ಪುಟದ ಸಂಖ್ಯೆ ಸಮೇತ ಅಲ್ಲೇ ಬರೆಯಲು ಹೇಳಿ. ನಮ್ಮಲ್ಲಿ ಒಂದು ಪ್ರತಿ ವಾಪಸ್ ಬಂದಾಗ ಆ ಚೀಟಿಯ ಎರಡೂ ಬದಿ ತುಂಬಿ, ಅಂಚಿನಲ್ಲೂ ಅಡ್ಡಡ್ಡ ಬರೆದಿದ್ದರು. ಕಾದಂಬರಿಕಾರರು ಬಂದ ಕೂಡಲೇ ಅದನ್ನು ಕೈಗೆ ಕೊಟ್ಟೆವು. ಕಾಫಿ ತಣ್ಣಗಾಗುವವರೆಗೂ ಅದನ್ನೇ ಓದುತ್ತಾ ಕೂತರು.

ಗೋಡೆ ಪಕ್ಕ ಒಂದು ಮೇಜು ಹಾಕಿ, ಕಾದಂಬರಿಯ ಕಾಲಕ್ಕೆ ಸೇರಿದ ಸಾಮಾನು ಹರವಿ. ನಕ್ಷೆ ಒಂದಿರಲಿ. ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿರುವ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ನಿಮ್ಮ ಜಿಲ್ಲೆಯ ಸಂಪುಟ ಸಿಕ್ಕರೆ ತುಂಬ ಒಳ್ಳೆಯದು, ನಿಮ್ಮ ತಾಲ್ಲೂಕಿನ ಶಾಸನ ಇರುವ ಪುಟ ತೆರೆದಿಡಿ. ಊರಾಚೆ ಬೇಲಿಯಲ್ಲಿ ಬಿದ್ದಿರುವ ವೀರಗಲ್ಲಿನ ಒಂದು ದೊಡ್ಡ ಫೋಟೋ ತೆಗೆಸಿ ಇಡಿ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನೇ. ಕೆಳಗಿನ ಅಂತಸ್ತಲ್ಲಿ ಎಷ್ಟೋ ಕಡೆ ದನಗಳೂ ಇರುತ್ತವೆ, ತುರು ಬಿಡಿಸಲು ಹೋಗಿ ಸತ್ತವನ ಕಲ್ಲು ಅದು. ಅವನ ಹೆಂಡತಿ ಏನಾದಳು, ದನ ವಾಪಸ್ ಬಂದವಾ, ಕಲ್ಲು ಕೆತ್ತಿಸಲು ದುಡ್ಡು ಕೊಟ್ಟವರು ಯಾರು? ಕಲ್ಲು ಹೇಳದೇ ಬಿಟ್ಟ ಜಾಗದಲ್ಲೇ ಕಾದಂಬರಿ ಹುಟ್ಟುವುದು. ಇದನ್ನು ಭಾಷಣದಲ್ಲಿ ವಿವರಿಸುವುದಕ್ಕಿಂತ ಆ ಫೋಟೋ ಮುಂದೆ ಐದು ನಿಮಿಷ ನಿಲ್ಲಿಸಿದರೆ ಮಕ್ಕಳಿಗೂ ತಿಳಿಯುತ್ತದೆ.

ವೇದಿಕೆ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ನಮ್ಮ ಮೊದಲ ಕಾರ್ಯಕ್ರಮದಲ್ಲಿ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಇಬ್ಬರು ಮುಖ್ಯ ಅತಿಥಿಗಳು, ಅಧ್ಯಕ್ಷರು ಎಲ್ಲ ಮುಗಿಯುವ ಹೊತ್ತಿಗೆ ಒಂದೂಕಾಲು ಗಂಟೆ ಆಗಿತ್ತು. ಕಾದಂಬರಿಕಾರರಿಗೆ ಉಳಿದದ್ದು ಇಪ್ಪತ್ತು ನಿಮಿಷ, ಆಮೇಲೆ ಅವರು ಕೊನೆ ಬಸ್ಸಿಗೆ ಓಡಬೇಕಾಯಿತು. ಪ್ರಶ್ನೆ ಬರೆದುಕೊಂಡು ಬಂದಿದ್ದ ಕಾಲೇಜು ಹುಡುಗಿ ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡದ್ದು ಇವತ್ತಿಗೂ ನನ್ನ ಕಣ್ಣಲ್ಲಿದೆ. ಅವತ್ತಿಂದ ಹೀಗೆ ಮಾಡುತ್ತೇವೆ: ಸ್ವಾಗತಕ್ಕೆ ಎರಡು ನಿಮಿಷ, ಲೇಖಕರು ಅರ್ಧ ಗಂಟೆ ಮಾತು, ಅದರ ನಡುವೆ ಅವರ ದನಿಯಲ್ಲೇ ಎರಡು ಪುಟ ಓದು, ಆಮೇಲೆ ಮುಕ್ಕಾಲು ಗಂಟೆ ಸಂವಾದ. ಹಾರ, ಶಾಲು ಕೊನೆಗೆ. ಚಿಕ್ಕ ಕೋಣೆಯಾದರೆ ಮೈಕೂ ಬೇಡ.

ಪ್ರಶ್ನೆ ಹೇಗಿರಬೇಕು ಅಂತ ಜನರಿಗೆ ಮೊದಲೇ ಒಂದು ಸುಳಿವು ಕೊಡಿ. "ಇದೆಲ್ಲ ನಿಜವಾಗಿ ನಡೆದಿತ್ತಾ?" ಅಂದರೆ ಹೌದು, ಇಲ್ಲ ಅಂತ ಉತ್ತರ ಬಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಅದೇ "ಈ ಅಧ್ಯಾಯದಲ್ಲಿ ದಾಖಲೆಯಿಂದ ಬಂದದ್ದು ಎಷ್ಟು, ನಿಮ್ಮದು ಎಷ್ಟು?" ಅಂತ ಕೇಳಿ ನೋಡಿ, ಲೇಖಕರ ಮುಖ ಅರಳುತ್ತದೆ. ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು 1834ರಲ್ಲಿ ಗಾದಿಯಿಂದ ಇಳಿಸಿದರು, 1852ರಲ್ಲಿ ಅವನು ಮಗಳ ಜೊತೆ ಇಂಗ್ಲೆಂಡಿಗೆ ಹೋದ, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಇಷ್ಟು ದಾಖಲೆ. ಆದರೆ ಮಡಿಕೇರಿಯ ಅರಮನೆ ಬಿಟ್ಟು ಹೊರಟ ದಿನ ಅವನು ಹಿಂತಿರುಗಿ ನೋಡಿದನಾ? ಅದನ್ನು ಬರೆಯುವವರು ಯಾವುದನ್ನು ನೆಚ್ಚಿ ಬರೆಯುತ್ತಾರೆ? ಇಂಥದ್ದನ್ನು ಕೇಳಿ.

ಅಡುಗೆಮನೆಯಿಂದಲೂ ಒಳ್ಳೆ ಪ್ರಶ್ನೆ ಬರುತ್ತವೆ. ಹೊಯ್ಸಳರ ಕಾಲದ ಕಥೆಯಲ್ಲಿ ಒಬ್ಬಳು ಹಸಿಮೆಣಸಿನಕಾಯಿ ಅರೆಯುತ್ತಿದ್ದರೆ ಅಲ್ಲಿ ಎಡವಟ್ಟಾಗಿದೆ ಅಂತ ಅರ್ಥ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಎಲ್ಲ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲೆ ನಮಗೆ ಸಿಕ್ಕವು. ಅದಕ್ಕೂ ಮೊದಲು ಖಾರ ಅಂದರೆ ನಮ್ಮ ಕರಿಮೆಣಸೇ, ಹೊಸ ಕಾಯಿಗೂ ಅದರ ಹೆಸರೇ ಅಂಟಿಕೊಂಡಿತು. ಹಾಗೇ ಕಾಲ, ದೂರ, ದುಡ್ಡು. ಪಾತ್ರಗಳು ನಿಮಿಷ ಎಣಿಸುತ್ತವಾ, 24 ನಿಮಿಷದ ಘಳಿಗೆ ಎಣಿಸುತ್ತವಾ? ಗಾವುದ, ಹರದಾರಿ ಅನ್ನುತ್ತವಾ? ವರಾಹದಲ್ಲಿ ವ್ಯಾಪಾರ ಮಾಡುತ್ತವಾ? ಮಾತು ಎಂಥ ಕನ್ನಡ? ಪೂರ್ತಿ ಹಳಗನ್ನಡ ಹಾಕಿದರೆ ನಮಗೆ ಅರ್ಥವಾಗದು, ಪೂರ್ತಿ ಇವತ್ತಿನ ಮಾತು ಹಾಕಿದರೆ ಕಾಲ ಕೆಟ್ಟುಹೋಗುತ್ತದೆ. ಈ ಎರಡರ ನಡುವೆ ದಾರಿ ಹೇಗೆ ಮಾಡಿಕೊಂಡರು ಅನ್ನುವುದನ್ನು ಪ್ರತಿಯೊಬ್ಬ ಲೇಖಕರೂ ಬೇರೆ ಬೇರೆ ಥರ ಹೇಳುತ್ತಾರೆ, ನನಗೆ ಸಂವಾದದಲ್ಲಿ ಅತಿ ಇಷ್ಟವಾದ ಭಾಗ ಅದೇ.

ಒಂದು ಎಚ್ಚರ ಬೇಕು. ರಾಜರು, ಜಾತಿ, ಧರ್ಮ ಬಂದ ಕಡೆ ಕೇಳುಗರಿಗೆ ನೋವೂ ಇರುತ್ತದೆ, ಸಿಟ್ಟೂ ಇರುತ್ತದೆ. "ನಮ್ಮವರನ್ನು ಹೀಗೆ ತೋರಿಸಬಹುದಾ?" ಅಂತ ಯಾರಾದರೂ ಎದ್ದರೆ ಬಾಯಿ ಮುಚ್ಚಿಸಬೇಡಿ. ನಿರೂಪಣೆ ಮಾಡುವವರು ಪುಸ್ತಕ ಪೂರ್ತಿ ಓದಿದವರಾಗಿರಬೇಕು ಅನ್ನುವುದು ಇದಕ್ಕೇ. "ಯಾವ ಪುಟ ಹೇಳಿ, ಎಲ್ಲರೂ ಸೇರಿ ಓದೋಣ" ಅಂತ ಆ ಭಾಗವನ್ನು ಜೋರಾಗಿ ಓದಿಸಿ. ಓದಿದ ಮೇಲೆ ಜಗಳ ಜಾಸ್ತಿ ಆಗುವುದಿಲ್ಲ, ಮಾತು ಆಗುತ್ತದೆ. ಎದ್ದು ಮಾತಾಡಲು ನಾಚುವವರಿಗೆ ಚೀಟಿ, ಪೆನ್ನು ಕೊಟ್ಟಿರಿ.

ಬಾಗಿಲ ಹತ್ತಿರ ಪುಸ್ತಕ ಮಾರಾಟಕ್ಕೆ ಒಂದು ಮೇಜು, ಕ್ಯೂಆರ್ ಕೋಡ್, ಚಿಲ್ಲರೆ ಇರಲಿ. ಕಾಫಿ, ಉಪ್ಪಿಟ್ಟನ್ನು ಪುಸ್ತಕದ ಕಪಾಟಿನಿಂದ ದೂರ, ಹೊರಗಡೆ ಇಡಿ.

ಮಾರನೇ ದಿನದ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಮಾತಿನ ನಡುವೆ ಲೇಖಕರು ಹೆಸರಿಸಿದ ಪುಸ್ತಕ, ಶಾಸನ, ಊರು ಎಲ್ಲವನ್ನೂ ಒಬ್ಬರು ಬರೆದುಕೊಂಡಿರಬೇಕು. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಗ್ರಂಥಾಲಯದ ಸೂಚನಾ ಫಲಕಕ್ಕೆ ಅಂಟಿಸಿ, ಅದರಲ್ಲಿ ಯಾವ್ಯಾವ ಪುಸ್ತಕ ಅಲ್ಲೇ ಇವೆಯೋ ಅವುಗಳ ಮುಂದೆ ಕಪಾಟಿನ ಸಂಖ್ಯೆ ಹಾಕಿ. ಓಡಾಡಿದ ಆ ನಾಲ್ಕೈದು ಪ್ರತಿಗಳನ್ನೂ ಲೇಖಕರ ಸಹಿ ಹಾಕಿಸಿ ಗ್ರಂಥಪಾಲಕರ ಕೈಗೆ ಕೊಟ್ಟುಬಿಡಿ. ಒಳಗಿನ ಚೀಟಿಗಳನ್ನು ಕಿತ್ತುಹಾಕಬೇಡಿ, ಮುಂದೆ ಓದುವವರಿಗೆ ಇರಲಿ.